ಸೂಜಿ ಎಲ್ಲಿ ಚುಚ್ಚಬೇಕು? ಚೀನಾದ ಅಕ್ಯುಪಂಕ್ಚರ್ ನಡೆದು ಬಂದ ದಾರಿ

ಸಾವಿರ ವರ್ಷದ ಹಿಂದೆ ಚೀನಾದ ವೈದ್ಯ ವಿದ್ಯಾರ್ಥಿಗಳಿಗೆ ಒಂದು ವಿಚಿತ್ರ ಪರೀಕ್ಷೆ ಇತ್ತು. ಎದುರಿಗೆ ಆಳೆತ್ತರದ ಕಂಚಿನ ಮನುಷ್ಯ. ಒಳಗೆ ಟೊಳ್ಳು. ಮೈತುಂಬ ಸಣ್ಣ ಸಣ್ಣ ತೂತು, ಲೆಕ್ಕಕ್ಕೆ 600ಕ್ಕೂ ಜಾಸ್ತಿ. ಪರೀಕ್ಷೆಯ ದಿನ ಹೊರಮೈಗೆ ಮೇಣ ಬಳಿದು ತೂತುಗಳನ್ನೆಲ್ಲ ಮುಚ್ಚುತ್ತಿದ್ದರು. ಒಳಗೆ ನೀರು ತುಂಬುತ್ತಿದ್ದರು. ನೀರಲ್ಲ, ಪಾದರಸ ಎನ್ನುವ ಹಳೆಯ ಬರಹಗಳೂ ಇವೆ. ವಿದ್ಯಾರ್ಥಿ ಬೆರಳಳತೆಯಲ್ಲೇ ಜಾಗ ಹುಡುಕಿ ಸೂಜಿ ಚುಚ್ಚಬೇಕು. ಜಾಗ ಸರಿಯಾಗಿದ್ದರೆ ಹನಿ ಜಿನುಗುತ್ತದೆ, ಪಾಸು. ತಪ್ಪಿದರೆ ಸೂಜಿ ಕಂಚಿಗೆ ತಾಗಿ ನಿಲ್ಲುತ್ತದೆ.

ಸಾಂಗ್ ರಾಜವಂಶದ ಕಾಲದಲ್ಲಿ, 1027ರಲ್ಲಿ, ವಾಂಗ್ ವೇಯ್‌ಯಿ ಎಂಬ ವೈದ್ಯ ಚಕ್ರವರ್ತಿಯ ಅಪ್ಪಣೆಯಂತೆ ಇಂಥ ಎರಡು ಗೊಂಬೆಗಳನ್ನು ಎರಕ ಹೊಯ್ಯಿಸಿದ. ಅದನ್ನು ಓದಿದಾಗ, ಸೂಜಿ ಚುಚ್ಚಿ ನೋವು ಇಳಿಸುವ ಈ ಅಕ್ಯುಪಂಕ್ಚರ್ ವಿದ್ಯೆಯಲ್ಲಿ ಎಲ್ಲವೂ ಆಗಲೇ ಗಟ್ಟಿಯಾಗಿತ್ತು, ಅಂದಿನದೇ ಇಂದಿಗೂ ಬಂದಿದೆ ಅಂತ ನನಗೂ ಅನ್ನಿಸಿತ್ತು. ಆದರೆ ಹಾಗಲ್ಲ.

ನಾನು ಇದನ್ನೆಲ್ಲ ಹುಡುಕಿ ಓದಲು ಕೂತದ್ದಕ್ಕೆ ಕಾರಣ ನಮ್ಮಮ್ಮ. ಅವಳಿಗೆ ಮಂಡಿನೋವು. ನೆಲದ ಮೇಲೆ ಕೂತರೆ ಗೋಡೆ ಹಿಡಿದೇ ಏಳಬೇಕು. ಯಾರೋ ಹೇಳಿದರು ಅಂತ ಒಂದು ಕಡೆ ಸೂಜಿ ಚಿಕಿತ್ಸೆಗೆ ಕರೆದುಕೊಂಡು ಹೋದೆ. ನೋವು ಸ್ವಲ್ಪ ಇಳಿದದ್ದೂ ನಿಜ. ಆದರೆ ನಾನಿಲ್ಲದ ಒಂದು ದಿನ ಅಲ್ಲಿಯವರು, "ಇದು ಐದು ಸಾವಿರ ವರ್ಷದ ವಿದ್ಯೆ ಅಮ್ಮಾ, ಬಿ.ಪಿ. ಮಾತ್ರೆ ಇನ್ನು ಬೇಡ, ಸೂಜಿಯೇ ಸಾಕು" ಅಂದಿದ್ದಾರೆ. ಅಮ್ಮ ನಂಬಿ ಮಾತ್ರೆ ಬಿಟ್ಟಳು. ಹತ್ತು ದಿನದ ಮೇಲೆ ತಲೆಸುತ್ತು ಬಂದು ಬಚ್ಚಲ ಬಾಗಿಲಲ್ಲಿ ಕುಸಿದಾಗಲೇ ನನಗೆ ವಿಷಯ ಗೊತ್ತಾದದ್ದು. ದೇವರ ದಯೆ, ಏಟಾಗಲಿಲ್ಲ. ಆ "ಐದು ಸಾವಿರ ವರ್ಷ" ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಕೈಗೆ ಸಿಕ್ಕ ಪುರಾವೆಯಿಂದಲೇ ಶುರು ಮಾಡೋಣ. 1973ರಲ್ಲಿ ಚೀನಾದ ಚಾಂಗ್‌ಶಾ ಊರಿನ ಬಳಿ, ಮಾವಾಂಗ್‌ದುಯಿ ಎಂಬಲ್ಲಿ ಒಂದು ಹಳೆಯ ಸಮಾಧಿ ಅಗೆದರು. ಅದನ್ನು ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಒಳಗೆ ರೇಷ್ಮೆ ಬಟ್ಟೆಯ ಮೇಲೆ ಬರೆದ ವೈದ್ಯ ಬರಹಗಳು ಸಿಕ್ಕವು. ಮೈಯೊಳಗೆ ಹರಿಯುವ 11 ನಾಳಗಳ ವಿವರ ಅದರಲ್ಲಿದೆ. ಯಾವ ನಾಳ ಕೆಟ್ಟರೆ ಎಲ್ಲಿ ನೋವು ಅಂತಲೂ ಇದೆ. ಆದರೆ ಆ ನಾಳಗಳಿಗೆ ಹೇಳಿರುವ ಚಿಕಿತ್ಸೆ ಸೂಜಿಯದ್ದಲ್ಲ, ಸುಡುವುದು. ಒಣ ಸೊಪ್ಪಿನ ಉಂಡೆ ಮಾಡಿ ಚರ್ಮದ ಮೇಲೆ ಉರಿಸುವುದು. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ ಬರೆ ಹಾಕುತ್ತಿದ್ದರಲ್ಲ, ಅದನ್ನು ನೆನಪಿಸುತ್ತದೆ.

ಸೂಜಿಯ ಪೂರ್ತಿ ಶಾಸ್ತ್ರ ಕಾಣಿಸುವುದು 'ಹುವಾಂಗ್‌ಡಿ ನೇಯ್‌ಜಿಂಗ್' ಎಂಬ ಗ್ರಂಥದಲ್ಲಿ. ಹಳದಿ ಚಕ್ರವರ್ತಿ ಪ್ರಶ್ನೆ ಕೇಳುತ್ತಾನೆ, ಅವನ ವೈದ್ಯ ಉತ್ತರ ಕೊಡುತ್ತಾನೆ. ಚಕ್ರವರ್ತಿ ಪುರಾಣದವನು, ಅವನ ಕಾಲವನ್ನು ಸುಮಾರು 4,600 ವರ್ಷ ಹಿಂದಕ್ಕೆ ಹೇಳುತ್ತಾರೆ. "ಐದು ಸಾವಿರ" ಹುಟ್ಟುವುದು ಇಲ್ಲಿಂದಲೇ ಇರಬೇಕು. ಗ್ರಂಥ ಮಾತ್ರ ಸುಮಾರು 2,100 ವರ್ಷ ಹಳೆಯದು. ಅದೇನು ಕಡಿಮೆಯೇ? ಸುಮ್ನೆ ದುಪ್ಪಟ್ಟು ಮಾಡಿ ಹೇಳಬೇಕಾದ ಅಗತ್ಯವೇ ಇಲ್ಲ.

ಆ ಗ್ರಂಥದ ಲೆಕ್ಕಾಚಾರವನ್ನು ಕೆರೆ ಬಯಲಿನವರಿಗೆ ವಿವರಿಸುವುದು ಸುಲಭ. ಮೈಯಲ್ಲಿ 'ಚಿ' ಅನ್ನುವ ಚೈತನ್ಯ ಹರಿಯುತ್ತಿರುತ್ತದೆ. ಅದು ಹರಿಯಲು 12 ಮುಖ್ಯ ಕಾಲುವೆಗಳಿವೆ. ಒಂದೊಂದು ಕಾಲುವೆಯೂ ಒಂದೊಂದು ಅಂಗಕ್ಕೆ ಸೇರಿದ್ದು. ಆ 12 ಕಾಲುವೆಗಳನ್ನು ಚೀನಾದ 12 ನದಿಗಳಿಗೆ ಗ್ರಂಥವೇ ಹೋಲಿಸುತ್ತದೆ. ಹರಿವು ಎಲ್ಲೋ ಕಟ್ಟಿಕೊಂಡರೆ ಕೆಳಗಿನ ಗದ್ದೆ ಒಣಗುತ್ತದೆ, ಮೇಲಿನದು ಕೊಳೆಯುತ್ತದೆ. ಮೈಗೆ ಬರುವ ನೋವು, ರೋಗ ಎಲ್ಲ ಹೀಗೇ. ಚರ್ಮದ ಮೇಲಿನ ಬಿಂದುಗಳು ತೂಬು ಇದ್ದಂತೆ. ಅಲ್ಲಿ ಸೂಜಿ ಇಟ್ಟರೆ ಹರಿವು ಸರಿಹೋಗುತ್ತದೆ. ಅದಕ್ಕೇ ಮಂಡಿನೋವಿಗೆ ಮಂಡಿಗೇ ಚುಚ್ಚಬೇಕೆಂದಿಲ್ಲ. ಹಲ್ಲುನೋವಿಗೆ ಹೆಬ್ಬೆರಳು ಮತ್ತು ತೋರುಬೆರಳ ಸಂದಿಯಲ್ಲಿರುವ 'ಹೆಗು' ಬಿಂದುವಿಗೆ ಚುಚ್ಚುತ್ತಾರೆ.

ಚಿಕಿತ್ಸಕರು ಅದಕ್ಕೂ ಮೊದಲು ನಾಲಿಗೆ ನೋಡುತ್ತಾರೆ, ಎರಡೂ ಕೈಯ ನಾಡಿ ಹಿಡಿಯುತ್ತಾರೆ. ಆಮೇಲೆ ಅಳತೆ. ಅಳತೆಗೋಲು ರೋಗಿಯ ಕೈಯೇ. ಹೆಬ್ಬೆರಳಿನ ಅಗಲ ಒಂದು 'ತ್ಸುನ್', ನಾಲ್ಕು ಬೆರಳು ಸೇರಿದರೆ ಮೂರು. ನಮ್ಮ ಅಂಗುಲದ ಹಾಗೆಯೇ. ಮಗುವಿಗೆ ಮಗುವಿನ ಬೆರಳು, ದೊಡ್ಡವರಿಗೆ ದೊಡ್ಡವರ ಬೆರಳು. ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು ಇಳಿದು, ಕಾಲಿನ ಮುಂದಿನ ಎಲುಬಿನಿಂದ ಸ್ವಲ್ಪ ಹೊರಗೆ ಸರಿದರೆ 'ಝೂಸಾನ್‌ಲಿ' ಸಿಗುತ್ತದೆ. ಹಾಗೆಂದರೆ 'ಕಾಲಿನ ಮೂರು ಲಿ' ಅಂತ ಅರ್ಥ, ಲಿ ಅನ್ನುವುದು ಚೀನಾದ ದೂರದ ಅಳತೆ. ದಣಿದವನು ಅಲ್ಲಿ ಚುಚ್ಚಿಸಿಕೊಂಡರೆ ಇನ್ನೂ ಅಷ್ಟು ದೂರ ನಡೆಯಬಲ್ಲ ಅಂತ ಹೇಳಿಕೆ.

ಅಮ್ಮನಿಗೆ ಆ ಜಾಗದಲ್ಲಿ ಚುಚ್ಚುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಸೂಜಿ ಹೊಲಿಗೆಯ ಸೂಜಿಗಿಂತ ಎಷ್ಟೋ ತೆಳು, ಕಾಲು ಮಿಲಿಮೀಟರ್ ದಪ್ಪ ಅಷ್ಟೆ. ಪ್ಲಾಸ್ಟಿಕ್ ಕೊಳವೆಯೊಳಗಿಟ್ಟು ಬೆರಳಿಂದ ಟಪ್ ಅಂತ ತಟ್ಟಿದರು. ಅಮ್ಮನಿಗೆ ಚುಚ್ಚಿದ್ದೇ ತಿಳಿಯಲಿಲ್ಲ. ಆಮೇಲೆ ಸೂಜಿಯನ್ನು ಹಿಡಿದು ಹಿಂದೆ ಮುಂದೆ ತಿರುವಿದಾಗ, "ಏನೋ ಭಾರ ಭಾರ, ಪಾದದವರೆಗೂ ಜುಮ್ ಅಂತಿದೆ" ಅಂದಳು. ಈ ಜುಮ್ ಅನ್ನುವುದಕ್ಕೆ ಚೀನಾದವರು 'ದೆ ಚಿ' ಅನ್ನುತ್ತಾರೆ, ಅಂದರೆ ಚಿ ಸಿಕ್ಕಿತು ಅಂತ. ಅದು ಬಾರದಿದ್ದರೆ ಚುಚ್ಚಿದ್ದು ವ್ಯರ್ಥ ಎನ್ನುವುದು ಅವರ ಹಳೆಯ ಮಾತು. ಅಂದಹಾಗೆ ಆ ಕೊಳವೆ ಚೀನಾದ್ದಲ್ಲ. 17ನೇ ಶತಮಾನದ ಜಪಾನಿನಲ್ಲಿ ಸುಗಿಯಾಮಾ ವಾಯಿಚಿ ಎಂಬ ಕುರುಡ ವೈದ್ಯ ಬಳಕೆಗೆ ತಂದದ್ದು. ಕಣ್ಣಿಲ್ಲದವರೂ ನೋವಾಗದಂತೆ ಚುಚ್ಚಲಿ ಅಂತ.

ನೇಯ್‌ಜಿಂಗ್ ಗ್ರಂಥ ಒಂಬತ್ತು ಬಗೆಯ ಸೂಜಿ ಹೇಳುತ್ತದೆ. ಒಂದು ಕತ್ತಿಯಂತೆ ಚಪ್ಪಟೆ, ಕುರು ಸೀಳಿ ಕೀವು ತೆಗೆಯಲು. ಕೆಲವು ರಕ್ತ ಬಿಡಲು. ಅಂದರೆ ಆಗ ಸೂಜಿ ವೈದ್ಯ ಅರ್ಧ ಶಸ್ತ್ರವೈದ್ಯನೇ ಆಗಿದ್ದ. ಇಂದು ಹೆಚ್ಚಾಗಿ ಉಳಿದಿರುವುದು ಆ ಒಂಬತ್ತರಲ್ಲಿ ಒಂದು, ಕೂದಲಿನಂಥ ಸೂಜಿ. ಆ ಬದಲಾವಣೆ ಆದದ್ದು ಯಾವಾಗ ಅಂತ ತಿಳಿದಾಗ ನನಗೆ ಆಶ್ಚರ್ಯವಾಯಿತು. ಬರೀ ತೊಂಬತ್ತೋ ನೂರೋ ವರ್ಷದ ಈಚೆಗೆ!

ಅದಕ್ಕೂ ಮುಂಚೆ ಚೀನಾವೇ ಈ ವಿದ್ಯೆಯನ್ನು ಮನೆಯಿಂದ ಹೊರಗೆ ಹಾಕಿತ್ತು. 1822ರಲ್ಲಿ ದಾವೋಗುವಾಂಗ್ ಚಕ್ರವರ್ತಿ ಅರಮನೆಯ ವೈದ್ಯಶಾಲೆಯಲ್ಲಿ ಅಕ್ಯುಪಂಕ್ಚರ್ ವಿಭಾಗವನ್ನೇ ಮುಚ್ಚಿಸಿದ. ಚುಚ್ಚುವುದು, ಸುಡುವುದು ದೊರೆಯ ಮೈಗೆ ತಕ್ಕುದಲ್ಲ ಎಂಬುದು ಕಾರಣ. ಆಮೇಲೆ ವಿದ್ಯೆ ಉಳಿದದ್ದು ಹಳ್ಳಿಗಳಲ್ಲಿ, ಬೀದಿಬದಿಯಲ್ಲಿ. ದಪ್ಪ ಸೂಜಿ, ತೊಳೆಯದ ಕೈ. 1929ರಲ್ಲಿ ಹಳೆಯ ವೈದ್ಯವನ್ನೇ ರದ್ದುಮಾಡಬೇಕೆಂಬ ಪ್ರಸ್ತಾಪ ಅಲ್ಲಿನ ಸರ್ಕಾರದ ಮುಂದೆ ಬಂತು. ವೈದ್ಯರೆಲ್ಲ ಶಾಂಘೈಯಲ್ಲಿ ಸೇರಿ ಪ್ರತಿಭಟಿಸಿದ ಮೇಲೆ ಅದು ಬಿದ್ದುಹೋಯಿತು.

ಆ ಹೊತ್ತಿನಲ್ಲಿ ಬಂದವನು ಚೆಂಗ್ ದಾನ್‌ಆನ್. ಈ ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಮನುಷ್ಯ. ಹಳೆಯ ವೈದ್ಯವನ್ನೂ ಕಲಿತಿದ್ದ, ಪಾಶ್ಚಾತ್ಯ ಶರೀರಶಾಸ್ತ್ರವನ್ನೂ ಓದಿದ್ದ. ಬಿಂದುಗಳನ್ನು ರಕ್ತನಾಳದಿಂದ ದೂರ ಸರಿಸಿ, ನರಗಳ ನಕ್ಷೆ ಇಟ್ಟುಕೊಂಡು ಮತ್ತೆ ಗುರುತಿಸಿದ. ರಕ್ತ ಬಿಡುವುದನ್ನು ಬದಿಗಿಟ್ಟು ತೆಳು ಸೂಜಿ ಹಿಡಿದ. 1930ರ ದಶಕದಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಾಲೆಗಳನ್ನು ನೋಡಿ ಬಂದ. ಸೂಜಿ ಕೆಲಸ ಮಾಡುವುದು ನರಗಳ ಮೂಲಕ ಅಂತ ಧೈರ್ಯವಾಗಿ ಬರೆದ. ಇವತ್ತು ನಮಗೆ ಚುಚ್ಚುವ ರೀತಿಯಲ್ಲಿ ಇವನ ಕೈ ತುಂಬ ಇದೆ.

ಅದಕ್ಕೆ ಸರ್ಕಾರದ ಬಲ ಸಿಕ್ಕಿದ್ದು ಮಾವೋ ಕಾಲದಲ್ಲಿ. 50 ಕೋಟಿಗೂ ಹೆಚ್ಚು ಜನ, ಬೆರಳೆಣಿಕೆಯ ಡಾಕ್ಟರುಗಳು. ಸೂಜಿ ಅಗ್ಗ, ಕಲಿಸುವುದು ಸುಲಭ. 1956ರಲ್ಲಿ ಬೀಜಿಂಗ್, ಶಾಂಘೈ, ಗುವಾಂಗ್‌ಝೌ, ಚೆಂಗ್‌ಡು, ನಾಲ್ಕು ಕಡೆ ಕಾಲೇಜು ತೆರೆದರು. ಊರಿಗೊಂದು ತರಹ ಇದ್ದದ್ದನ್ನು ಒಂದೇ ಪಠ್ಯಕ್ಕೆ ತಂದರು. 'ಸಾಂಪ್ರದಾಯಿಕ ಚೀನೀ ವೈದ್ಯ' ಅಂತ ನಾವೀಗ ಕರೆಯುವುದು ಹೆಚ್ಚಾಗಿ ಆ ಪಠ್ಯವನ್ನೇ.

ಭಾರತಕ್ಕೆ ಇದು ಬಂದದ್ದೂ ಆಗಲೇ. 1938ರಲ್ಲಿ ಜಪಾನ್ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ನಮ್ಮ ಐದು ಜನ ಡಾಕ್ಟರುಗಳು ಹೋಗಿದ್ದರು. ಅವರಲ್ಲಿ ಒಬ್ಬರು ದ್ವಾರಕಾನಾಥ ಕೋಟ್ನಿಸ್, ಕನ್ನಡ ಮಾತು ಈಗಲೂ ಕೇಳಿಸುವ ಸೊಲ್ಲಾಪುರದಲ್ಲಿ ಹುಟ್ಟಿದವರು. 1942ರಲ್ಲಿ ಅಲ್ಲೇ ತೀರಿಕೊಂಡರು. ಅವರ ಜೊತೆಗಾರ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಕೊಲ್ಕತ್ತಾದಲ್ಲಿ ಶುರು ಮಾಡಿದರು. ಪಶ್ಚಿಮ ಬಂಗಾಳ 1996ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಿತು. ಕೇಂದ್ರ ಸರ್ಕಾರ ಮಾನ್ಯ ಮಾಡಿದ್ದು 2019ರಲ್ಲಿ.

ಅಮೆರಿಕದವರ ಕಣ್ಣು ಇದರ ಮೇಲೆ ಬಿದ್ದದ್ದು ಒಂದು ಅಪೆಂಡಿಕ್ಸ್‌ನಿಂದ. 1971ರ ಜುಲೈಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಬೀಜಿಂಗ್‌ನಲ್ಲಿ ಆಪರೇಷನ್ ಆಯಿತು. ಮಾರನೆಯ ರಾತ್ರಿ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಮೊಣಕೈಗೆ, ಮಂಡಿಯ ಕೆಳಗೆ ಸೂಜಿ ಚುಚ್ಚಿದರು, ಹೊಟ್ಟೆಯ ಬಳಿ ಸೊಪ್ಪಿನ ಬಿಸಿ ಕೊಟ್ಟರು. ಸಂಕಟ ಇಳಿಯಿತು ಅಂತ ಆತ ಬರೆದ. ಈ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತಾ, ಸೂಜಿಯಲ್ಲೇ ಮಂಪರು ಕೊಟ್ಟು ಹೊಟ್ಟೆ ಕೊಯ್ದರು ಅಂತಾಯಿತು. ಇವತ್ತಿಗೂ ಹಾಗೇ ಹೇಳುವವರಿದ್ದಾರೆ. ಆತನಿಗೆ ಆಪರೇಷನ್ನಿಗೆ ಕೊಟ್ಟದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ನೇ.

ಹಾಗಾದರೆ ಇದು ಕೆಲಸ ಮಾಡುವುದು ಹೇಗೆ? ದೇಹ ಕೊಯ್ದು ನೋಡಿದವರಿಗೆ ಆ ಕಾಲುವೆಗಳು ಎಲ್ಲೂ ಸಿಕ್ಕಿಲ್ಲ. ಆದರೆ ಸೂಜಿಗೆ ಮೈ ಏನೂ ಮಾಡದೆ ಸುಮ್ಮನಿರುವುದಿಲ್ಲ. ಬೀಜಿಂಗ್‌ನ ಹಾನ್ ಜಿಶೆಂಗ್ ಎಂಬ ವಿಜ್ಞಾನಿ ಸೂಜಿ ಚುಚ್ಚಿದ ಮೊಲದ ಮಿದುಳಿನ ದ್ರವವನ್ನು ಚುಚ್ಚದ ಮೊಲಕ್ಕೆ ಕೊಟ್ಟರು. ಅದಕ್ಕೂ ನೋವು ಕಡಿಮೆಯಾಯಿತು. ಅಂದರೆ ಮಿದುಳಿನಲ್ಲಿ ಏನೋ ರಾಸಾಯನಿಕ ಹುಟ್ಟಿದೆ. 1970ರ ದಶಕದಲ್ಲೇ ಅದು ಎಂಡಾರ್ಫಿನ್ ಕಡೆಗೆ ಬೊಟ್ಟು ಮಾಡಿತು, ಮೈಯೇ ತಯಾರಿಸುವ ಅಫೀಮಿನಂಥ ನೋವುಶಮನಕ. ಅಫೀಮಿನ ಪ್ರಭಾವ ತಡೆಯುವ ನಲಾಕ್ಸೋನ್ ಕೊಟ್ಟರೆ ಸೂಜಿಯ ಪರಿಣಾಮವೂ ತಗ್ಗುತ್ತಿತ್ತು. 2010ರಲ್ಲಿ ಇಲಿಗಳ ಝೂಸಾನ್‌ಲಿ ಬಿಂದುವಿನಲ್ಲಿ ಸೂಜಿ ತಿರುವಿದಾಗ ಆ ಜಾಗದಲ್ಲಿ ಅಡಿನೋಸಿನ್ ಎಂಬ ವಸ್ತು ಹೆಚ್ಚಾದದ್ದು ಕಂಡಿತು. ಅದೂ ನೋವು ತಗ್ಗಿಸುತ್ತದೆ.

ಈಗ ಆ ಕಂಚಿನ ಮನುಷ್ಯನ ಹತ್ತಿರ ಮತ್ತೆ ಹೋಗಬೇಕು. 2007ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಹಳೆಯ ಬೆನ್ನುನೋವಿನ 1,162 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ. ಇನ್ನೊಂದಕ್ಕೆ ಬಿಂದುವಲ್ಲದ ಕಡೆ, ಮೇಲೆ ಮೇಲೆ ಚುಚ್ಚಿದ ಸೂಜಿ. ಮೂರನೆಯದಕ್ಕೆ ಮಾತ್ರೆ, ವ್ಯಾಯಾಮ. ಆರು ತಿಂಗಳ ಮೇಲೆ ಗುಣ ಕಂಡವರು ಮೊದಲ ಗುಂಪಿನಲ್ಲಿ 47.6%, ಎರಡನೆಯದರಲ್ಲಿ 44.2%, ಮೂರನೆಯದರಲ್ಲಿ 27.4%. ಸೂಜಿ ಚುಚ್ಚಿಸಿಕೊಂಡವರು ಮಾತ್ರೆಯವರಿಗಿಂತ ಚೆನ್ನಾಗಿದ್ದರು. ಆದರೆ ಎಲ್ಲಿ ಚುಚ್ಚಿದರು ಎಂಬುದರಿಂದ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಜಾಗ ತಪ್ಪಿ ನಪಾಸಾದ ಆ ಹುಡುಗರನ್ನು ನೆನೆದು ನನಗೆ ಒಂದು ಕ್ಷಣ ನೋವಾಯಿತು.

ಆಮೇಲೆ 17,922 ರೋಗಿಗಳ ಮಾಹಿತಿ ಒಟ್ಟುಹಾಕಿ 2012ರಲ್ಲಿ ನೋಡಿದಾಗ ಸರಿಯಾದ ಜಾಗದ ಸೂಜಿಗೆ ಸ್ವಲ್ಪ ಮೇಲುಗೈ ಇದೆ ಅಂತ ಬಂತು. ಸ್ವಲ್ಪವೇ. ಉಳಿದದ್ದರಲ್ಲಿ ನಂಬಿಕೆಗೆ, ಅರ್ಧ ಗಂಟೆ ಒಬ್ಬರು ಕೂತು ನೋವಿನ ಕಥೆ ಕೇಳುವುದಕ್ಕೆ, ಕೈಯ ಸ್ಪರ್ಶಕ್ಕೆ ದೊಡ್ಡ ಪಾಲಿದೆ. ಅದನ್ನು ನಾನು ಹಗುರ ಮಾಡಲಾರೆ. ಐದು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ ಆಸ್ಪತ್ರೆಯಲ್ಲಿ ಅಮ್ಮನಿಗೆ ಅದು ಸಿಕ್ಕಿರಲಿಲ್ಲ.

ಸೂಜಿಯಿಂದ ಉಪಯೋಗ ಕಂಡಿರುವುದು ಹಳೆಯ ಬೆನ್ನುನೋವು, ಕುತ್ತಿಗೆ ನೋವು, ಮೈಗ್ರೇನ್ ಪದೇಪದೇ ಬರದಂತೆ ತಡೆಯುವುದು, ಆಪರೇಷನ್ ನಂತರದ ವಾಕರಿಕೆ, ಇಂಥವುಗಳಲ್ಲಿ. ವಾಕರಿಕೆಗೆ ಮಣಿಕಟ್ಟಿನ ಒಳಬದಿಯ 'ನೇಯ್‌ಗುವಾನ್' ಬಿಂದು. ಅಲ್ಲಿ ಬೆರಳಿಂದ ಒತ್ತಿದರೂ ಕೆಲವರಿಗೆ ಸಮಾಧಾನ ಆಗುತ್ತದೆ. ಮಂಡಿಸವೆತದ ವಿಷಯದಲ್ಲಿ ಜಗಳವಿದೆ. ಜರ್ಮನಿಯ ಆರೋಗ್ಯ ವಿಮೆ 2007ರಿಂದ ಅದಕ್ಕೆ ಹಣ ಕೊಡುತ್ತದೆ. ಬ್ರಿಟನ್ನಿನ ಮಾರ್ಗಸೂಚಿ 2022ರಲ್ಲಿ ಬೇಡ ಅಂದಿತು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗಡ್ಡೆ, ಕಿಡ್ನಿ ತೊಂದರೆ ಸೂಜಿಯಿಂದ ವಾಸಿಯಾಗುವುದಿಲ್ಲ. ಬಿ.ಪಿ. ಮಾತ್ರೆಯ ಬದಲಿಗೂ ಇದು ನಿಲ್ಲುವುದಿಲ್ಲ. ಹಾಗೆ ಹೇಳುವವರಿದ್ದರೆ ಅಲ್ಲಿಂದ ಎದ್ದು ಬರಬೇಕು.

ಕಲಿತವರ ಕೈಯಲ್ಲಿ ಅಪಾಯ ತೀರ ಕಡಿಮೆ. ಆದರೆ ಎದೆಯ ಮೇಲೆ ಆಳವಾಗಿ ಚುಚ್ಚಿ ಶ್ವಾಸಕೋಶಕ್ಕೆ ತಾಗಿಸಿದ ಪ್ರಕರಣಗಳಿವೆ. ಒಂದೇ ಸೂಜಿ ಹಲವರಿಗೆ ಬಳಸಿ ಹೆಪಟೈಟಿಸ್ ಬಿ ಹರಡಿದ್ದೂ ಇದೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಮೊದಲೇ ಹೇಳಬೇಕು. ಸೂಜಿಯ ಪೊಟ್ಟಣ ನಮ್ಮ ಕಣ್ಣೆದುರೇ ಹರಿಯಬೇಕು.

ಅಮ್ಮನಿಗೆ ಈಗ ಬೇರೆ ಕಡೆ ನಡೆಯುತ್ತಿದೆ. ಇವರು ಮೊದಲ ದಿನವೇ ಅಮ್ಮ ನುಂಗುವ ಮಾತ್ರೆಗಳ ಹೆಸರೆಲ್ಲ ಬರೆದುಕೊಂಡರು, ಒಂದನ್ನೂ ಬಿಡಿಸಲಿಲ್ಲ. ಕಾಲಿಗೆ ದಿನಾ ಮಾಡುವ ಎರಡು ವ್ಯಾಯಾಮ ಹೇಳಿಕೊಟ್ಟರು. ನೋವು ಪೂರ್ತಿ ಹೋಗಿಲ್ಲ. ಆದರೆ ಗೋಡೆ ಹಿಡಿಯದೆ ಏಳುತ್ತಾಳೆ. ಸೂಜಿಯಿಂದಲೋ, ವ್ಯಾಯಾಮದಿಂದಲೋ, ಎರಡೂ ಸೇರಿಯೋ ನಾನು ಬಿಡಿಸಿ ಹೇಳಲಾರೆ. ಗುರುವಾರ ಬೆಳಿಗ್ಗೆ ತಿಂಡಿ ತಿಂದು, ಬಿ.ಪಿ. ಮಾತ್ರೆ ನುಂಗಿ, ಆಮೇಲೆ "ನಡಿ, ಹೊತ್ತಾಯ್ತು" ಅಂತ ನನಗಿಂತ ಮೊದಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಾಳೆ.