ಇಲ್ಲದ ಒಂಬತ್ತನೇ ಪಿನ್

ದಾವಣಗೆರೆ ವಿನೋಬನಗರದ ಅಕ್ಕನ ಮನೆಯ ಅಟ್ಟದಲ್ಲಿ ಹಳೇ ಕಂಪ್ಯೂಟರ್ ಕ್ಯಾಬಿನೆಟ್ ಒಂದು ಬಿದ್ದಿತ್ತು. ಒಳಗಿನ ಬೋರ್ಡು ಕೆಟ್ಟು ವರ್ಷಗಳಾಗಿದ್ದವು, ತಗಡಿನ ಡಬ್ಬಿ ಮಾತ್ರ ಗಟ್ಟಿಯಾಗಿತ್ತು. ಡಿಪ್ಲೊಮಾ ಓದುತ್ತಿರುವ ಅಕ್ಕನ ಮಗಳು ಅದನ್ನು ಇಳಿಸಿ, ಧೂಳು ಝಾಡಿಸಿ, ಸೆಕೆಂಡ್ ಹ್ಯಾಂಡ್ ಮದರ್‌ಬೋರ್ಡ್ ತಂದು ಕೂರಿಸಿದಳು. ಕಂಪ್ಯೂಟರ್ ಶುರುವಾಯಿತು. ಮುಂಭಾಗದ ಎರಡು ಯುಎಸ್‌ಬಿ ಕಿಂಡಿಗಳು ಮಾತ್ರ ಮಾತು ಕೇಳಲಿಲ್ಲ. "ಮಾಮ, ಮೌಸ್ ಚುಚ್ಚಿದ್ರೆ ಕೆಳಗೆ ಕೆಂಪು ಲೈಟ್ ಬರ್ತೈತಿ, ಬಾಣ ಮಾತ್ರ ಅಲ್ಲಾಡಲ್ಲ. ಪೆನ್‌ಡ್ರೈವ್ ಹಾಕಿದ್ರೆ ಗುರುತು ಸಿಗಲಿಲ್ಲ ಅಂತೈತಿ" ಎಂದು ಫೋನ್ ಮಾಡಿದಳು.

ಅರ್ಧ ಉತ್ತರ ಅವಳ ಮಾತಿನಲ್ಲೇ ಇತ್ತು. ಹಳೆಯ ಯುಎಸ್‌ಬಿ ಕಿಂಡಿಯೊಂದಕ್ಕೆ ಬೇಕಾಗುವುದು ನಾಲ್ಕೇ ತಂತಿ. ಕೆಂಪು ತಂತಿ 5 ವೋಲ್ಟ್ ತರುತ್ತದೆ, ಕಪ್ಪು ತಂತಿ ಕರೆಂಟನ್ನು ಹಿಂದಿರುಗಿಸುತ್ತದೆ. ನಡುವಿನ ಬಿಳಿ ಮತ್ತು ಹಸಿರು ತಂತಿಗಳು ಮಾಹಿತಿ ಸಾಗಿಸುತ್ತವೆ. ಬಿಳಿಗೆ ಡಿ ಮೈನಸ್ ಎಂದೂ ಹಸಿರಿಗೆ ಡಿ ಪ್ಲಸ್ ಎಂದೂ ಹೆಸರು. ಮೌಸಿನ ಲೈಟ್ ಹತ್ತಿದೆ ಎಂದರೆ ಕೆಂಪು, ಕಪ್ಪು ಸರಿಯಾಗಿವೆ. ಎಡವಟ್ಟು ನಡುವಿನ ಎರಡರಲ್ಲಿದೆ.

ಹೋಗಿ ನೋಡಿದರೆ ಹಾಗೇ ಆಗಿತ್ತು. ಆ ಕಾಲದ ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಪ್ರತಿ ತಂತಿಯ ತುದಿಗೂ ಬೇರೆ ಬೇರೆ ಪುಟ್ಟ ಟೋಪಿ ಇರುತ್ತಿತ್ತು. ಮದರ್‌ಬೋರ್ಡ್ ತಯಾರಕರು ಆ ಟೋಪಿ ಕೂರುವ ಪಿನ್‌ಗಳನ್ನು ಒಂದೇ ಕ್ರಮದಲ್ಲಿ ಇಡುತ್ತಿರಲಿಲ್ಲ, ಹಾಗಾಗಿ ಕ್ಯಾಬಿನೆಟ್ ಮಾಡುವವರು ತಂತಿಗಳನ್ನು ಬಿಡಿಬಿಡಿಯಾಗಿಯೇ ಕೊಡುತ್ತಿದ್ದರು. ಇವಳ ಕ್ಯಾಬಿನೆಟ್ಟಿನ ಟೋಪಿಗಳ ಮೇಲಿನ ಅಕ್ಷರಗಳು ಸವೆದುಹೋಗಿದ್ದವು. 5 ವೋಲ್ಟ್ ಅಂದರೆ ಪ್ಲಸ್, ಪ್ಲಸ್ ಪಕ್ಕದಲ್ಲಿ ಪ್ಲಸ್ಸೇ ಇರಬೇಕು ಎಂದು ಲೆಕ್ಕ ಹಾಕಿ, ಕೆಂಪಿನ ಪಕ್ಕ ಹಸಿರು ಸಿಕ್ಕಿಸಿದ್ದಳು. ತರ್ಕ ಚೆನ್ನಾಗಿದೆ, ಆದರೆ ಅಲ್ಲಿರುವ ಕ್ರಮ ಬೇರೆ: ಕೆಂಪು, ಬಿಳಿ, ಹಸಿರು, ಕಪ್ಪು.

ಎರಡು ತಂತಿ ಅದಲುಬದಲಾದರೆ ಏನಾಗುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ವಿಷಯ. ಕಿಂಡಿ ಖಾಲಿ ಇರುವಾಗ ಕಂಪ್ಯೂಟರ್ ಎರಡೂ ಮಾಹಿತಿ ತಂತಿಗಳನ್ನು 15 ಕಿಲೋ ಓಮ್ ರೆಸಿಸ್ಟರ್‌ಗಳ ಮೂಲಕ ಸೊನ್ನೆ ವೋಲ್ಟಿನತ್ತ ಎಳೆದು ಹಿಡಿದಿರುತ್ತದೆ. ಬಂದ ಉಪಕರಣ ತನ್ನೊಳಗಿನ 1.5 ಕಿಲೋ ಓಮ್ ರೆಸಿಸ್ಟರ್ ಮೂಲಕ ಒಂದು ತಂತಿಯನ್ನು 3.3 ವೋಲ್ಟಿನ ಹತ್ತಿರಕ್ಕೆ ಎತ್ತುತ್ತದೆ. ಬಾಗಿಲು ತಟ್ಟಿ "ನಾನು ಬಂದೆ" ಎನ್ನುವ ಹಾಗೆ. ಯಾವ ತಂತಿಯನ್ನು ಎತ್ತಿತು ಎಂಬುದರಲ್ಲೇ ಅದರ ಪರಿಚಯ ಅಡಗಿದೆ. ಸೆಕೆಂಡಿಗೆ 15 ಲಕ್ಷ ಬಿಟ್ ಸಾಕೆನ್ನುವ ಸಾದಾ ಮೌಸ್, ಕೀಬೋರ್ಡ್‌ಗಳು ಡಿ ಮೈನಸ್ ಎತ್ತುತ್ತವೆ. ಅದಕ್ಕಿಂತ ವೇಗದ ಪೆನ್‌ಡ್ರೈವ್ ಡಿ ಪ್ಲಸ್ ಎತ್ತುತ್ತದೆ. ತಂತಿ ಅದಲುಬದಲಾದಾಗ ಮೌಸ್ ತಟ್ಟಿದ್ದು ಪೆನ್‌ಡ್ರೈವ್ ತಟ್ಟಿದಂತೆಯೂ, ಪೆನ್‌ಡ್ರೈವ್ ತಟ್ಟಿದ್ದು ಮೌಸ್ ತಟ್ಟಿದಂತೆಯೂ ಕಂಪ್ಯೂಟರಿಗೆ ಕೇಳಿಸುತ್ತದೆ. ಅದು ತಪ್ಪು ವೇಗದಲ್ಲಿ ಮಾತಾಡಿಸುತ್ತದೆ, ಒಳಗೆ ಬಂದವರಿಗೆ ಅರ್ಥವಾಗುವುದಿಲ್ಲ. ಇದರಿಂದ ಸಾಮಾನ್ಯವಾಗಿ ಏನೂ ಸುಡುವುದಿಲ್ಲ ಎಂಬುದು ಸಮಾಧಾನ.

ಕೆಂಪು, ಕಪ್ಪು ಅದಲುಬದಲಾದರೆ ಆ ಸಮಾಧಾನವಿಲ್ಲ. 5 ವೋಲ್ಟ್ ಉಲ್ಟಾ ಹರಿದು ಪೆನ್‌ಡ್ರೈವ್ ಒಂದೇ ಕ್ಷಣಕ್ಕೆ ಹೋಗಬಹುದು.

ಈ ಗೊಂದಲ ತಪ್ಪಿಸಲು ಆಮೇಲೆ ಬಂದದ್ದು ಎಲ್ಲ ತಂತಿಗಳೂ ಒಂದೇ ಕಟ್ಟಿನಲ್ಲಿ ಸೇರಿದ ಪ್ಲಗ್. ಮದರ್‌ಬೋರ್ಡಿನ ಕೆಳ ಅಂಚಿನಲ್ಲಿ ಸಾಲಿಗೆ ಐದರಂತೆ ಎರಡು ಸಾಲು ಪಿನ್‌ಗಳಿವೆ. ಒಂದು ಸಾಲು ಒಂದು ಕಿಂಡಿಗೆ, ಇನ್ನೊಂದು ಸಾಲು ಇನ್ನೊಂದು ಕಿಂಡಿಗೆ. ಎರಡು ನಾಲ್ಕಲೆ ಎಂಟು ಪಿನ್‌ಗಳಿಗೆ ಕೆಲಸವಿದೆ. ಹತ್ತನೆಯದಕ್ಕೆ ಕೆಲಸವಿಲ್ಲ, ಆದರೂ ನಿಂತಿದೆ. ಒಂಬತ್ತನೆಯದು ಇಲ್ಲವೇ ಇಲ್ಲ. ಕಾರ್ಖಾನೆಯಲ್ಲಿ ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಪ್ಲಗ್ಗಿನಲ್ಲಿ ಆ ಜಾಗದ ತೂತನ್ನು ಪ್ಲಾಸ್ಟಿಕ್‌ನಿಂದ ಮುಚ್ಚಿರುತ್ತಾರೆ. ತಿರುಗಿಸಿ ಹಾಕಲು ಹೋದರೆ ಮುಚ್ಚಿದ ತೂತಿಗೆ ಎರಡನೇ ಪಿನ್ ಅಡ್ಡ ಬಂದು ನಿಲ್ಲಿಸುತ್ತದೆ. ಇದ್ದ ಪಿನ್ ಮತ್ತು ಇಲ್ಲದ ಪಿನ್ ಸೇರಿ ಬೀಗ, ಬೀಗದ ಕೈ ಆಗಿವೆ. ಮುಂಭಾಗದ ಹೆಡ್‌ಫೋನ್, ಮೈಕುಗಳ ಆಡಿಯೊ ಹೆಡರ್ (ಇಂಥ ಪಿನ್‌ಗಳ ಗುಂಪಿಗೆ ಹೆಡರ್ ಎನ್ನುತ್ತಾರೆ) ನೋಡಲು ಥೇಟ್ ಹೀಗೇ ಇರುತ್ತದೆ, ಆದರೆ ಅಲ್ಲಿ ಇಲ್ಲದಿರುವುದು ಎಂಟನೇ ಪಿನ್. ಹಾಗಾಗಿ ಅದರ ಪ್ಲಗ್ ಇಲ್ಲಿ ಕೂರದು, ಇದರದ್ದು ಅಲ್ಲಿ ಕೂರದು.

ಈ ಉಪಾಯ ಒಂದು ಕಡೆ ಮಾತ್ರ ಸೋತಿತು. ಫೈರ್‌ವೈರ್ ಎಂಬ ಇನ್ನೊಂದು ಸಂಪರ್ಕ ವಿಧಾನವಿತ್ತು, ವಿಡಿಯೊ ಕ್ಯಾಮೆರಾದಿಂದ ಮದುವೆಯ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸುತ್ತಿದ್ದವರಿಗೆ ನೆನಪಿರಬಹುದು. ಅದರ ಹೆಡರ್‌ಗೂ ಹತ್ತು ಜಾಗ, ಅಲ್ಲೂ ಇಲ್ಲದಿರುವುದು ಒಂಬತ್ತನೇ ಪಿನ್ನೇ. ಯುಎಸ್‌ಬಿಯಲ್ಲಿ ಕಪ್ಪು ತಂತಿ ಬರುವ ಏಳು ಮತ್ತು ಎಂಟನೇ ಪಿನ್‌ಗಳಲ್ಲಿ ಅದಕ್ಕೆ 12 ವೋಲ್ಟ್ ಇರುತ್ತದೆ. ಯುಎಸ್‌ಬಿ ಪ್ಲಗ್ ಅದರ ಮೇಲೆ ಹಿತವಾಗಿ ಕೂರುತ್ತದೆ. ಕೂತ ಮೇಲೆ ಮುಂಭಾಗದಲ್ಲಿ ಏನು ಚುಚ್ಚಿದರೂ ಸುಡುವ ಭಯವೇ. ಹಾಗಾಗಿ ಹಳೇ ಬೋರ್ಡಿನಲ್ಲಿ ಪ್ಲಗ್ ಸಲೀಸಾಗಿ ಕೂತಿತು ಎಂದು ನಂಬಬೇಡಿ, ಪಕ್ಕದಲ್ಲಿ ಅಚ್ಚಾದ ಹೆಸರು ಓದಿ. ಕೈ ಹಾಕುವ ಮುನ್ನ ಗೋಡೆಯ ಪ್ಲಗ್ಗನ್ನೂ ಕಿತ್ತಿಡಿ. ಕಂಪ್ಯೂಟರ್ ಆಫ್ ಆಗಿದ್ದರೂ ಎಸ್‌ಎಂಪಿಎಸ್, ಅಂದರೆ ಕರೆಂಟು ಒದಗಿಸುವ ಡಬ್ಬಿ, ಬೋರ್ಡಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ.

ನಾವು ನೆಲದ ಮೇಲೆ ಕ್ಯಾಬಿನೆಟ್ ಮಲಗಿಸಿಕೊಂಡು ಕೂತಿದ್ದಾಗ ಅಕ್ಕನ ಮಾವ ಬಂದು ಪಕ್ಕ ಕುರ್ಚಿ ಹಾಕಿಕೊಂಡರು. ಊರಿನ ಹತ್ತಿ ಗಿರಣಿಯೊಂದರ ನೂಲುವ ವಿಭಾಗದಲ್ಲಿ ಆಯಸ್ಸು ಕಳೆದವರು. ಒಂದು ತುಂಡು ಕೇಬಲ್ಲಿನ ಸಿಪ್ಪೆ ಸುಲಿದಿದ್ದೆ, ಒಳಗೆ ಬಿಳಿ ಹಸಿರು ತಂತಿಗಳು ಒಂದಕ್ಕೊಂದು ಹೊಸೆದುಕೊಂಡಿದ್ದವು. ಅದನ್ನು ಬೆರಳಲ್ಲಿ ಹಿಡಿದು, "ಇದಕ್ಕೂ ಹುರಿ ಹಾಕ್ಯಾರಲ್ಲೋ" ಎಂದರು.

ಹುರಿಯೇ. ನೂಲಿಗೆ ಹುರಿ ಹಾಕುವುದು ಎಳೆಗಳು ಒಂದನ್ನೊಂದು ಹಿಡಿದುಕೊಳ್ಳಲಿ, ದಾರ ಗಟ್ಟಿಯಾಗಲಿ ಎಂದು. ಇಲ್ಲಿ ಹುರಿ ಹಾಕುವುದು ತಂತಿಗೆ ಹೊರಗಿನಿಂದ ತಾಗುವ ವಿದ್ಯುತ್ ಗದ್ದಲ ಅಳಿಸಲು. ಎರಡು ತಂತಿಗಳಲ್ಲಿ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ, ಕೇಳುವ ಚಿಪ್ ಎರಡರ ವ್ಯತ್ಯಾಸವನ್ನಷ್ಟೇ ನೋಡುತ್ತದೆ. ಫ್ಯಾನು, ಎಸ್‌ಎಂಪಿಎಸ್ ಇವುಗಳಿಂದ ಬರುವ ತೊಂದರೆಯ ಅಲೆ ಎರಡೂ ತಂತಿಗೆ ಸಮನಾಗಿ ತಾಗಿದರೆ ಕಳೆಯುವ ಲೆಕ್ಕದಲ್ಲಿ ಅದು ಹೊರಟುಹೋಗುತ್ತದೆ. ಸಮನಾಗಿ ತಾಗಬೇಕಾದರೆ ಎರಡೂ ಸರದಿಯಂತೆ ಹತ್ತಿರ, ದೂರ ಬರಬೇಕು. ಹುರಿ ಆ ಸರದಿಯನ್ನು ಕೊಡುತ್ತದೆ. ಒಂದು ಸುತ್ತಿನಲ್ಲಿ ಹುಟ್ಟಿದ ಅಡ್ಡ ವೋಲ್ಟೇಜನ್ನು ಮುಂದಿನ ಸುತ್ತು ಉಲ್ಟಾ ದಿಕ್ಕಿನದರಿಂದ ಅಳಿಸುತ್ತದೆ. ಇಷ್ಟು ಹೇಳಿದ ಮೇಲೆ ಅಜ್ಜ ಇನ್ನೊಂದು ತುಂಡನ್ನು ಕೇಳಿ ಪಡೆದು, ಇಂಚಿಗೆ ಎಷ್ಟು ಸುತ್ತು ಬಂದಿದೆ ಎಂದು ಉಗುರಿನಿಂದ ಎಣಿಸತೊಡಗಿದರು. ಗಿರಣಿಯಲ್ಲಿ ನೂಲಿನ ಗುಣ ನೋಡುವುದೂ ಹಾಗೇ.

ಬಿಡಿ ತಂತಿಗಳ ಹಳೇ ಕ್ಯಾಬಿನೆಟ್ 2000ರಲ್ಲಿ ಬಂದ ಯುಎಸ್‌ಬಿ 2.0ರ ವೇಗಕ್ಕೆ ತಡವರಿಸುವುದಕ್ಕೂ ಇದೇ ಕಾರಣ. 1996ರಲ್ಲಿ ಯುಎಸ್‌ಬಿ ಮೊದಲ ಬಾರಿ ಹೊರಬಂದಾಗ ಗರಿಷ್ಠ ವೇಗ ಸೆಕೆಂಡಿಗೆ 1.2 ಕೋಟಿ ಬಿಟ್. ಬರೋಡದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್ ಅವರ ತಂಡದ ಶ್ರಮ ಅದರ ಹಿಂದಿತ್ತು. ಆ ವೇಗಕ್ಕೆ ಹೇಗೆಂದರೆ ಹಾಗೆ ಬಿಟ್ಟ ತಂತಿಯೂ ನಡೆಯುತ್ತಿತ್ತು. 2.0ಕ್ಕೆ ಬರುವಷ್ಟರಲ್ಲಿ ಅದು 48 ಕೋಟಿ ಬಿಟ್ ಆಯಿತು.

2008ರ ಯುಎಸ್‌ಬಿ 3.0 ಸೆಕೆಂಡಿಗೆ 500 ಕೋಟಿ ಬಿಟ್ ಎಂದಿತು. ಆ ಲೆಕ್ಕದಲ್ಲಿ ಒಂದು ಬಿಟ್ ಬದುಕುವುದು ಒಂದು ಸೆಕೆಂಡಿನ ಐನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲಿ ಸಂಕೇತ ತಂತಿಯೊಳಗೆ ಸುಮಾರು 4 ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಅಂದರೆ ಬೋರ್ಡಿನಿಂದ ಮುಂಭಾಗದ ಕಿಂಡಿಗೆ ಹೋಗುವ ಅರ್ಧ ಮೀಟರ್ ಕೇಬಲ್ಲಿನಲ್ಲಿ ಯಾವ ಗಳಿಗೆಯಲ್ಲೂ ಹನ್ನೆರಡಕ್ಕೂ ಹೆಚ್ಚು ಬಿಟ್‌ಗಳು ಸಾಲಾಗಿ ಹೊರಟಿರುತ್ತವೆ. ಜೋಡಿಯ ಒಂದು ತಂತಿ ಇನ್ನೊಂದಕ್ಕಿಂತ ಒಂದು ಸೆಂಟಿಮೀಟರ್ ಉದ್ದವಾದರೆ ಕಾಲು ಬಿಟ್ಟಿನಷ್ಟು ಹಿಂದೆ ಬೀಳುತ್ತದೆ. ಹೊಸ ಕ್ಯಾಬಿನೆಟ್ಟಿನ ನೀಲಿ ಪ್ಲಗ್ಗಿನ ಕೇಬಲ್ ಅಷ್ಟು ದಪ್ಪ, ಬಿರುಸು ಏಕೆ ಎಂದು ಅನೇಕರು ಬೈಯುತ್ತಾರೆ. ಅದರೊಳಗೆ ಪ್ರತಿ ಕಿಂಡಿಗೂ ಮೂರು ಮಾಹಿತಿ ಜೋಡಿ, ಕರೆಂಟು ತರುವ ಒಂದು, ಹಿಂದಿರುಗಿಸುವ ಎರಡು ನೆಲದ (ಗ್ರೌಂಡ್) ತಂತಿ, ಒಟ್ಟು ಒಂಬತ್ತು. ಎರಡು ಕಿಂಡಿಗೆ ಹದಿನೆಂಟು, ಜೊತೆಗೆ ಇನ್ನೊಂದು ಸೇರಿ ಹತ್ತೊಂಬತ್ತು ಪಿನ್. ಇಪ್ಪತ್ತನೆಯದು, ಮತ್ತೆ, ಬೇಕೆಂದೇ ಇಲ್ಲ. ಆ ಪಿನ್‌ಗಳು ತೀರಾ ಸಪೂರ. ನೀಲಿ ಪ್ಲಗ್ಗನ್ನು ಓರೆಯಾಗಿ ಒತ್ತಬೇಡಿ, ಕೀಳುವಾಗ ಕೇಬಲ್ ಹಿಡಿದು ಜಗ್ಗಬೇಡಿ. ಬಾಗಿದ ಪಿನ್ ನೆಟ್ಟಗೆ ಮಾಡಲು ಹೋಗಿ ಮುರಿದುಕೊಂಡ ಬೋರ್ಡುಗಳನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ.

ಅಕ್ಕನ ಮಗಳು ಎರಡೂ ಸಾಲಿನ ಬಿಳಿ, ಹಸಿರು ಟೋಪಿಗಳನ್ನು ಕಿತ್ತು ಜಾಗ ಬದಲಿಸಿದಳು. ಕರೆಂಟು ಕೊಟ್ಟು ಮೌಸ್ ಚುಚ್ಚಿದಾಗ ಬಾಣ ಓಡಿತು. ಅವಳು ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಮುಚ್ಚುವ ಮೊದಲು ಮಾರ್ಕರ್ ತೆಗೆದುಕೊಂಡು ಅದರ ಒಳಮೈಮೇಲೆ ದೊಡ್ಡದಾಗಿ ಬರೆದಳು: ಕೆಂಪು, ಬಿಳಿ, ಹಸಿರು, ಕಪ್ಪು.