ಏರ್‌ಡ್ರಿ: ಹಗಲು ಖಾಲಿ, ಸಂಜೆ ಭರ್ತಿ

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಏರ್‌ಡ್ರಿಯಲ್ಲಿ ಆಟದ ಜಾಗಕ್ಕೆ ಬೇಡಿಕೆ ಬರುವುದೆಲ್ಲ ಒಂದೇ ಹೊತ್ತಿಗೆ. ದುಡಿಯುವವರಲ್ಲಿ ಬಹಳಷ್ಟು ಮಂದಿ ಹಗಲೆಲ್ಲ ದಕ್ಷಿಣದ ಕ್ಯಾಲ್ಗರಿಯಲ್ಲಿರುತ್ತಾರೆ. ಕೆಲಸದ ದಿನಗಳಲ್ಲಿ ಸಂಜೆ 5ರಿಂದ ರಾತ್ರಿ 10ರವರೆಗೆ ಎಂದಿಟ್ಟುಕೊಂಡರೆ ಒಂದು ಐಸ್ ಹಾಕಿ ಅಂಗಣಕ್ಕೆ ವಾರಕ್ಕೆ ಸಿಗುವುದು 25 ಗಂಟೆ. ಪ್ರತಿ ತಂಡ ಇಳಿದ ಮೇಲೆ ಯಂತ್ರ ಓಡಿಸಿ ಮಂಜುಗಡ್ಡೆ ನುಣುಪು ಮಾಡಲು ಹತ್ತು ಹದಿನೈದು ನಿಮಿಷ ಬೇಕು, ಅದನ್ನೂ ಕಳೆಯಿರಿ. ಬೆಳಗ್ಗೆ ಹನ್ನೊಂದರ ಖಾಲಿ ಅಂಗಣ ಈ ಲೆಕ್ಕಕ್ಕೆ ಬರುವುದಿಲ್ಲ.

ಊರು ಹುಟ್ಟಿದ್ದೇ ದಾರಿಹೋಕರಿಗಾಗಿ. 1890–91ರಲ್ಲಿ ಕ್ಯಾಲ್ಗರಿ–ಎಡ್ಮಂಟನ್ ರೈಲು ಹಳಿ ಬಿದ್ದಾಗ, ಕ್ಯಾಲ್ಗರಿಯಿಂದ ಸುಮಾರು 30 ಕಿ.ಮೀ. ಉತ್ತರಕ್ಕೆ, ನೋಸ್ ಕ್ರೀಕ್ ಹಳ್ಳದ ಬಳಿ, ಒಂದು ಸೈಡಿಂಗ್, ಅಂದರೆ ರೈಲು ಬದಿಗೆ ನಿಲ್ಲುವ ಪಕ್ಕದ ಹಳಿ, ಆಯಿತು. ಹೆಸರು ಸ್ಕಾಟ್ಲೆಂಡಿನ ಊರೊಂದರದು. ಮೊದಲ ಹತ್ತು ವರ್ಷ ಅಲ್ಲಿ ರೈಲ್ವೆಯ ಕಟ್ಟಡಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ರೈತನ ಮನೆ, ಕೊಟ್ಟಿಗೆ, ಅಂಚೆ ಕಚೇರಿ, ಅಂಗಡಿ ಎಲ್ಲ ಎದ್ದದ್ದು 1901ರಲ್ಲಿ. ಗ್ರಾಮದ ಮಾನ್ಯತೆ 1909ರಲ್ಲಿ. ಅಲ್ಲಿಂದ ಅರವತ್ತು ವರ್ಷ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. 1971ರಲ್ಲೂ ಜನಸಂಖ್ಯೆ ಸಾವಿರದ ಆಸುಪಾಸು.

ಆಮೇಲೆ ತೈಲದ ಹಣ ಕ್ಯಾಲ್ಗರಿಗೆ ಹರಿಯಿತು, ಅಲ್ಲಿ ಮನೆ ದುಬಾರಿಯಾಯಿತು. 1974ರಲ್ಲಿ ಪಟ್ಟಣ, 1985ರಲ್ಲಿ ನಗರ, 2021ರ ಜನಗಣತಿಯಲ್ಲಿ 74,100 ಜನ. ಕ್ಯಾಲ್ಗರಿ ತನ್ನ ಪಕ್ಕದ ಊರುಗಳನ್ನು ಹಾಗೇ ಬಿಡುವ ನಗರವಲ್ಲ. 1960ರ ದಶಕದಲ್ಲಿ ಫಾರೆಸ್ಟ್ ಲಾನ್, ಮಾಂಟ್‌ಗೊಮರಿ, ಬೌನೆಸ್‌ಗಳನ್ನು ಒಂದೊಂದಾಗಿ ಸೇರಿಸಿಕೊಂಡಿತು. ಏರ್‌ಡ್ರಿ ಉಳಿದದ್ದು ಮುಖ್ಯವಾಗಿ ನಡುವಿನ ಹೊಲಗಳ ದೆಸೆಯಿಂದ. ಉಳಿಯಿತು ಎಂದರೂ ಕುಡಿಯುವ ನೀರು ಇವತ್ತಿಗೂ ಕ್ಯಾಲ್ಗರಿಯಿಂದಲೇ ಪೈಪಿನಲ್ಲಿ ಬರುತ್ತದೆ.

ಹಗಲು ಜನ ಹೊರಗಿರುವುದರ ನಷ್ಟ ಕಾಣುವುದು ತೆರಿಗೆಯಲ್ಲಿ. ಜನ ಮಲಗುವ ಊರಿಗೆ ಮನೆ ತೆರಿಗೆ. ಅವರು ದುಡಿಯುವ ಕಚೇರಿಗಳ ತೆರಿಗೆ ಕ್ಯಾಲ್ಗರಿಗೆ. 2009ರಲ್ಲಿ ತೆರೆದ ಕ್ರಾಸ್‌ಐರನ್ ಮಿಲ್ಸ್ ಎಂಬ ದೊಡ್ಡ ಮಾಲ್ ಎರಡು ನಗರಗಳ ನಡುವೆ ಬಾಲ್ಜಾಕ್‌ನಲ್ಲಿದೆ, ಅಂದರೆ ಬೇರೆಯೇ ಸ್ಥಳೀಯ ಆಡಳಿತವಾದ ರಾಕಿ ವ್ಯೂ ಕೌಂಟಿಯ ಗಡಿಯೊಳಗೆ. ಏರ್‌ಡ್ರಿಯವರ ಖರೀದಿ ಅಲ್ಲಿ, ಆಸ್ತಿ ತೆರಿಗೆ ಕೌಂಟಿಗೆ. ಈಜುಕೊಳ, ಅಂಗಣಗಳಿರುವ ಜೆನೆಸಿಸ್ ಪ್ಲೇಸ್‌ನಂಥದ್ದು ಇನ್ನೊಂದು ಬೇಕು ಎಂದಾಗಲೆಲ್ಲ ಹೊರೆ ಮನೆ ಮಾಲೀಕರ ಮೇಲೆ ಬೀಳುವುದು ಇದರಿಂದ. ಬಯಲಲ್ಲಿ, ಸ್ವಯಂಸೇವಕರ ಕೈಯಲ್ಲಿ ನಡೆಯುವ ಹಬ್ಬ, ಆಟಗಳಿಗೆ ಇಲ್ಲಿ ಇಷ್ಟು ತೂಕ ಬಂದದ್ದೂ ಅದಕ್ಕೇ ಎನ್ನಬೇಕು.

ಬೇಸಿಗೆಯದು ರೋಡಿಯೊ, ಕುದುರೆ, ಗೂಳಿಗಳ ಮೇಲೆ ಕೂರುವ ಸ್ಪರ್ಧೆ. ಜೂನ್ ಕೊನೆಯಿಂದ ಜುಲೈ 1ರ ಕೆನಡಾ ದಿನದ ಸುತ್ತ ನಡೆಯುತ್ತದೆ. ಕ್ಯಾಲ್ಗರಿಯ ದೊಡ್ಡ ರೋಡಿಯೊ ಉತ್ಸವವಾದ ಸ್ಟಾಂಪೀಡ್ ಬೆನ್ನಿಗೇ ಇರುವುದರಿಂದ ಸವಾರರಿಗೆ ದಾರಿಯ ಮೇಲಿನ ಊರು. ಕಾಡುಕುದುರೆಯೋ ಗೂಳಿಯೋ, 8 ಸೆಕೆಂಡು ಒಂದೇ ಕೈಯಲ್ಲಿ ಹಿಡಿದು ಕೂರಬೇಕು. ಬಿಟ್ಟ ಕೈ ಪ್ರಾಣಿಗೆ ತಾಗಿತೋ, ಅಂಕ ಹೋಯಿತು. ನೂರರಲ್ಲಿ ಅರ್ಧ ಅಂಕ ಪ್ರಾಣಿಯ ಕುಣಿತಕ್ಕೆ. ಸಾಧು ಗೂಳಿ ಸಿಕ್ಕವನ ಗತಿ ಅಷ್ಟೇ.

ಚಳಿಗಾಲದಲ್ಲಿ ನೋಸ್ ಕ್ರೀಕ್ ಪಾರ್ಕಿನ ದೀಪೋತ್ಸವ. ಡಿಸೆಂಬರ್ ಸಂಜೆಗಳಲ್ಲಿ, ಪ್ರವೇಶ ಶುಲ್ಕವಿಲ್ಲದೆ, 1990ರ ದಶಕದಿಂದ ನಡೆದುಬಂದಿದೆ. ಇಂಥ ಹೊರಾಂಗಣ ದೀಪಗಳ ತಂತಿ ಕಟ್ಟುವ ಕೆಲಸ ಶರತ್ಕಾಲದಲ್ಲೇ ಮುಗಿಯಬೇಕು. ಮೈನಸ್ 20ರಲ್ಲಿ ಪ್ಲಾಸ್ಟಿಕ್ ಹೊದಿಕೆ ಗಡುಸಾಗಿ, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಜೋಡಣೆಗಳನ್ನು ನೆಲದಿಂದ ಎತ್ತಿ ಕಟ್ಟಬೇಕು. ಕರಗಿದ ಹಿಮದ ನೀರು ಒಳಸೇರಿದರೆ ಬ್ರೇಕರ್ ಬಿದ್ದು ಒಂದು ಸಾಲು ಪೂರ್ತಿ ಕತ್ತಲು.

ನಡುಚಳಿಗಾಲದಲ್ಲಿ ಹಿಮ ಕರಗಿಸುವುದು ಚಿನೂಕ್ ಎಂಬ ಬಿಸಿ ಗಾಳಿ. ರಾಕಿ ಪರ್ವತ ಹತ್ತಿ ತೇವ ಕಳೆದುಕೊಂಡ ಗಾಳಿ ಪೂರ್ವಕ್ಕೆ ಇಳಿಯುವಾಗ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬಿಸಿಯಾಗುತ್ತದೆ. ಕೆಲವೇ ಗಂಟೆಗಳಲ್ಲಿ ಇಪ್ಪತ್ತು ಡಿಗ್ರಿ ಏರುವುದುಂಟು. ಬಡಾವಣೆಯವರು ಬಯಲಲ್ಲಿ ಮಾಡಿಕೊಳ್ಳುವ ಸ್ಕೇಟಿಂಗ್ ಅಂಗಣಕ್ಕೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಅಂಗಣ ಮಾಡುವ ಕ್ರಮ ಹೀಗೆ: ಹಿಮವನ್ನು ತುಳಿದು ಗಟ್ಟಿ ಮಾಡಿ, ಮೊದಲು ತುಂತುರಾಗಿ ನೀರು ಚಿಮುಕಿಸಿ ತಳ ಮುಚ್ಚುವುದು. ಆಮೇಲೆ ಮೈನಸ್ 10ಕ್ಕಿಂತ ಕೆಳಗಿನ ರಾತ್ರಿಗಳಲ್ಲಿ 2–3 ಮಿ.ಮೀ. ಪದರದಂತೆ ನೀರು ಹಾಯಿಸಿ, ಒಂದು ಪೂರ್ತಿ ಹೆಪ್ಪುಗಟ್ಟಿದ ಮೇಲೆ ಇನ್ನೊಂದು. ಅವಸರಕ್ಕೆ ದಪ್ಪಗೆ ಸುರಿದರೆ ಮೇಲ್ಮೈ ಮಾತ್ರ ಗಟ್ಟಿಯಾಗಿ, ಕೆಳಗಿನ ನೀರು ಇಂಗಿ ಟೊಳ್ಳು ಉಳಿಯುತ್ತದೆ. ಸ್ಕೇಟ್ ಅಲ್ಲೇ ಒಳಗಿಳಿಯುತ್ತದೆ. ಕ್ಯಾಲ್ಗರಿಯಿಂದ ಮರಳಿ, ಊಟ ಮುಗಿಸಿ ಪೈಪು ಹಿಡಿಯುವವರಿಗೆ ರಾತ್ರಿಗೆ ಎರಡು ಪದರವಾದರೆ ಹೆಚ್ಚು.

ಚಿನೂಕ್ ಬೀಸಿದ ದಿನ ಅಂಗಣ ಮುಚ್ಚಿಡಬೇಕು. ಮೆತ್ತಗಾದ ಮಂಜುಗಡ್ಡೆಯ ಮೇಲಿನ ಹೆಜ್ಜೆ ಗುರುತು ಮರುದಿನ ಕಲ್ಲಿನಂತೆ ನಿಲ್ಲುತ್ತದೆ. ಗಾಳಿ ತಂದ ಮಣ್ಣು, ಎಲೆ ಬಿಸಿಲು ಹೀರಿ ಗುಂಡಿ ತೋಡುವುದರಿಂದ ಗುಡಿಸುವುದು ಮೊದಲು. ಚಳಿ ಮರಳಿ ನಿಂತ ನೀರು ತಳದವರೆಗೂ ಗಟ್ಟಿಯಾದ ಮೇಲೆ ಗುಂಡಿಗಳಿಗೆ ಒದ್ದೆ ಹಿಮ ತುಂಬಿ, ಏರುತಗ್ಗು ಕೆರೆದು, ಮತ್ತೆ ತೆಳುಪದರದಿಂದ ಶುರು ಮಾಡಬೇಕು.