ಕ್ರಿಕೆಟ್ ಮಾತ್ರ ಗೊತ್ತು, ಹರ್ಲಿಂಗ್ ಹೇಳಿಕೊಡಬಹುದಾ?

ಓದುಗರ ಪ್ರಶ್ನೆ: ನಾವು ಐರ್ಲೆಂಡಿಗೆ ಬಂದು ಮೂರು ವರ್ಷವಾಯಿತು. ಮಗ ಊರಿನ ಜಿಎಎ (ಐರಿಶ್ ದೇಸಿ ಆಟಗಳ ಸಂಸ್ಥೆ) ಕ್ಲಬ್‌ನಲ್ಲಿ 8 ವರ್ಷದೊಳಗಿನವರ ಗುಂಪಿಗೆ ಹೋಗುತ್ತಾನೆ. ಕೋಚ್‌ಗಳು ಕಮ್ಮಿ ಇದ್ದಾರೆ, ನೀವೂ ಬನ್ನಿ ಅಂತ ಕರೆಯುತ್ತಿದ್ದಾರೆ. ನಾನು ಹಾಸನದಲ್ಲಿ ಕ್ರಿಕೆಟ್ ಆಡಿದವನು. ಹರ್ಲಿಂಗ್ ಅಂದರೆ ಕೋಲಿನಿಂದ ಚೆಂಡು ಹೊಡೆಯುವ ಇಲ್ಲಿನ ಆಟ. ಅದರ ಕೋಲಾದ ಹರ್ಲಿಯನ್ನು ಮುಟ್ಟಿಯೂ ಗೊತ್ತಿಲ್ಲ. ಹೋಗಲಾ?

ಹೋಗಿ. ಪ್ರತಿ ವಸಂತದಲ್ಲೂ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ನನ್ನ ಉತ್ತರ ಇದೇ. ಗಾರ್ಡಾ ವೆಟಿಂಗ್ (ಪೊಲೀಸರು ಮಾಡುವ ಹಿನ್ನೆಲೆ ಪರಿಶೀಲನೆ), ಮಕ್ಕಳ ಸುರಕ್ಷತೆಯ ತರಬೇತಿ, ಶುರುವಿನ ಕೋಚಿಂಗ್ ಕೋರ್ಸ್ ಎಲ್ಲಕ್ಕೂ ಕ್ಲಬ್‌ನವರೇ ದಾರಿ ತೋರಿಸುತ್ತಾರೆ. ಸಂಬಳ ಇಲ್ಲ. 82,300 ಜನ ಹಿಡಿಯುವ ಕ್ರೋಕ್ ಪಾರ್ಕ್‌ನಲ್ಲಿ ಫೈನಲ್ ಆಡುವವರಿಗೇ ಸಂಬಳ ಇಲ್ಲ, ಅವರೂ ರಜೆ ಮುಗಿಸಿ ಕೆಲಸಕ್ಕೆ ಹೋಗುತ್ತಾರೆ.

ಆ ವಯಸ್ಸಿನವರ ಜೊತೆ ಮೊದಲ ವರ್ಷ ನಿಮ್ಮ ಕೆಲಸ ಸರಳ. ಹೆಲ್ಮೆಟ್ ಪಟ್ಟಿ ಬಿಗಿ ಮಾಡಿ, ಕೋನ್ ಇಡಿ, ಪ್ರತಿ ಮಗುವಿಗೂ ಒಂದು ಚೆಂಡು ಸಿಗುವ ಹಾಗೆ ನೋಡಿಕೊಳ್ಳಿ. ಸಾಲಿನಲ್ಲಿ ನಿಲ್ಲಿಸಬೇಡಿ. ಹತ್ತು ಮಕ್ಕಳ ಸಾಲಿಗೆ ಒಂದೇ ಚೆಂಡು ಕೊಟ್ಟರೆ ಒಂಬತ್ತು ಮಕ್ಕಳು ಸುಮ್ನೆ ಹುಲ್ಲು ಕೀಳುತ್ತಾ ನಿಂತಿರುತ್ತಾರೆ. ಚಿಕ್ಕವರ ಪಂದ್ಯಗಳಾದ ಗೋ ಗೇಮ್ಸ್‌ನಲ್ಲಿ ಕಪ್ ಇಲ್ಲ, ಅಂಕಪಟ್ಟಿ ಇಲ್ಲ, ಎಲ್ಲರೂ ಆಡಬೇಕು. ಹಾಗಾಗಿ ಗೆಲ್ಲಿಸುವ ಚಿಂತೆ ನಿಮಗೆ ಬೇಡ.

ಆದರೆ ಒಂದು ಮಾತಿದೆ. ಅದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. "ಕ್ರಿಕೆಟ್ ಬಂದರೆ ಹರ್ಲಿಂಗ್ ಅರ್ಧ ಬಂದ ಹಾಗೆ." ನಮ್ಮವರೂ ಹೇಳುತ್ತಾರೆ, ಇಲ್ಲಿನವರೂ ಪ್ರೀತಿಯಿಂದ ಹೇಳುತ್ತಾರೆ. ಇದು ತಪ್ಪು. ಮಕ್ಕಳ ಕೈ ಕೆಡುವುದೇ ಈ ಮಾತಿನಿಂದ.

ಕ್ರಿಕೆಟ್ ಬ್ಯಾಟ್ ನೆನಪಿಸಿಕೊಳ್ಳಿ. ಬಲಗೈಯವನಾದರೆ ಎಡಗೈ ಮೇಲೆ, ಬಲಗೈ ಕೆಳಗೆ, ಅಲ್ವಾ? ಹರ್ಲಿಂಗ್‌ನಲ್ಲಿ ಇದು ತಲೆಕೆಳಗು. ಜೋರಿರುವ ಕೈ ಮೇಲೆ, ಹಿಡಿಯ ತುದಿಯಲ್ಲಿ. ಇನ್ನೊಂದು ಕೈ ಅದರ ಕೆಳಗೆ. ಹೊಡೆಯುವಾಗ ಕೆಳಗಿನ ಕೈ ಮೇಲಕ್ಕೆ ಜಾರಿ ಮೇಲಿನ ಕೈಗೆ ಅಂಟಿಕೊಳ್ಳಬೇಕು. ಬಲಗಡೆಯಿಂದ ಹೊಡೆದರೂ ಎಡಗಡೆಯಿಂದ ಹೊಡೆದರೂ ಕೈ ಬದಲಾಗುವುದಿಲ್ಲ. ನಮ್ಮ ಕ್ರಿಕೆಟ್ ಕಣ್ಣಿಗೆ ಇದು ಕೈ ಹೆಣೆದುಕೊಂಡ ಹಾಗೆ ಕಾಣುತ್ತದೆ. ಆದ್ದರಿಂದಲೇ ಅಪ್ಪಂದಿರು ಮನೆಯ ಹಿತ್ತಲಲ್ಲಿ ಅದನ್ನು "ಸರಿ" ಮಾಡುತ್ತಾರೆ. ಮಂಗಳವಾರ ಕ್ಲಬ್‌ನಲ್ಲಿ ನಾನು ತಿದ್ದಿದ್ದನ್ನು ಶನಿವಾರ ಮೈಸೂರಿನಿಂದ ಬಂದ ತಾತ ಮತ್ತೆ ತಿರುಗಿಸಿರುತ್ತಾರೆ. ಮಗು ಪಾಪ ಯಾರ ಮಾತು ಕೇಳಬೇಕು?

ಕಾರಣ ಕೇಳಿ. ಬ್ಯಾಟ್ಸ್‌ಮನ್ ನಿಂತ ಜಾಗದಲ್ಲಿ ಎರಡೂ ಕೈಯಿಂದ ಹೊಡೆಯುತ್ತಾನೆ. ಹರ್ಲಿಂಗ್ ಆಡುವವರ ಹೊತ್ತು ಹೆಚ್ಚಾಗಿ ಓಟದಲ್ಲೇ ಕಳೆಯುತ್ತದೆ, ಎಷ್ಟೋ ಸಲ ಹರ್ಲಿ ಒಂದೇ ಕೈಯಲ್ಲಿರುತ್ತದೆ. ಚೆಂಡನ್ನು ಹರ್ಲಿಯ ಮೇಲೆ ಕುಣಿಸುತ್ತಾ ಓಡುವಾಗ, ಎದುರಾಳಿಯ ಹೊಡೆತವನ್ನು ಹಿಂದಿನಿಂದ ಕೊಕ್ಕೆ ಹಾಕಿ ತಡೆಯುವಾಗ ಕೆಲಸ ಮಾಡುವುದು ಮೇಲಿನ ಕೈ ಒಂದೇ. ಇನ್ನೊಂದು ಕೈ ಚೆಂಡು ಹಿಡಿಯಲು ಖಾಲಿ ಇರಬೇಕು. ಜೋರು ಕಮ್ಮಿ ಇರುವ ಕೈಯನ್ನು ಮೇಲಿಟ್ಟರೆ ಈ ಎಲ್ಲ ಹೊತ್ತಿನಲ್ಲೂ ಹರ್ಲಿ ಅಲ್ಲಾಡುತ್ತದೆ. ಕ್ರಿಕೆಟ್ ಥರದ ಹಿಡಿತದಲ್ಲೇ ದೊಡ್ಡ ಮಟ್ಟಕ್ಕೆ ಹೋದವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಏಳು ವರ್ಷದ ಮಗುವಿಗೆ ಬೇಕೆಂದೇ ಕಷ್ಟದ ದಾರಿ ಯಾಕೆ?

ಯಾವ ಕೈ ಜೋರು ಅಂತ ತಿಳಿಯುವುದು ಸುಲಭ. ಹರ್ಲಿಯನ್ನು ನೆಲದ ಮೇಲಿಟ್ಟು "ಒಂದೇ ಕೈಯಲ್ಲಿ ಎತ್ತು" ಅನ್ನಿ. ಎತ್ತಿದ ಕೈ ಮೇಲೆ. ಎಡಗೈಯಲ್ಲಿ ಎತ್ತಿದರೆ ಎಡಗೈಯೇ ಮೇಲೆ, ತಿದ್ದಬೇಡಿ.

ನಿಮ್ಮ ಬಾಲ್ಯದಿಂದ ಏನಾದರೂ ತರಬೇಕು ಅನ್ನಿಸಿದರೆ ಕ್ರಿಕೆಟ್ ಬಿಟ್ಟು ಚಿನ್ನಿದಾಂಡು ತನ್ನಿ. ದಾಂಡು ಯಾವ ಕೈಯಲ್ಲಿ ಹಿಡಿದಿರಿ? ಜೋರಿನ ಕೈಯಲ್ಲಿ. ಚಿನ್ನಿಯನ್ನು ಚಿಮ್ಮಿಸಿ, ಗಾಳಿಯಲ್ಲಿರುವಾಗಲೇ ಹೊಡೆದಿರಿ. ಹರ್ಲಿಂಗ್‌ನಲ್ಲೂ ನೆಲದ ಚೆಂಡನ್ನು ಕೈಯಿಂದ ಎತ್ತುವಂತಿಲ್ಲ. ಹರ್ಲಿಯ ತುದಿಯಿಂದ ಚಿಮ್ಮಿಸಿ ಎತ್ತಬೇಕು, ಇದಕ್ಕೆ ಜ್ಯಾಬ್ ಲಿಫ್ಟ್ ಅನ್ನುತ್ತಾರೆ. ಮೊದಲ ಸಲ ಇದನ್ನು ಕಲಿಯುವಾಗ ನನ್ನ ಮಣಿಕಟ್ಟಿಗೆ ಆ ಚಿಮ್ಮು ಮೊದಲೇ ಗೊತ್ತಿತ್ತು. ಅದು ಊರ ಬೀದಿಯಲ್ಲಿ ಕಲಿತದ್ದು, ಕ್ರಿಕೆಟ್ ಮೈದಾನದಲ್ಲಲ್ಲ.

ಕ್ರಿಕೆಟ್ ಚೆಂಡು 156 ಗ್ರಾಂ ಮೇಲೆ, ಹರ್ಲಿಂಗ್ ಚೆಂಡಾದ ಸ್ಲಿಟರ್ 110ರಿಂದ 116 ಗ್ರಾಂ. ಹಗುರ ಅಂತ ಯಾರೂ ಹೆಲ್ಮೆಟ್ ಬಿಡುವಂತಿಲ್ಲ. 2010ರಿಂದ ದೊಡ್ಡವರಿಗೂ ಅದು ಕಡ್ಡಾಯ. ಇನ್ನು ನಿಮ್ಮನ್ನು ಕ್ಲಬ್‌ನ ಇನ್ನೊಂದು ಆಟವಾದ ಗೇಲಿಕ್ ಫುಟ್‌ಬಾಲ್ ಗುಂಪಿಗೆ ಹಾಕಿದರೆ ಈ ಕೈಯ ತಕರಾರೇ ಇಲ್ಲ. ಒಮ್ಮೆ ನೆಲಕ್ಕೆ ಪುಟಿಸುವುದು, ಒಮ್ಮೆ ಕಾಲಿಂದ ಕೈಗೆ ಹಾರಿಸುವುದು, ಅಷ್ಟು ಕಲಿತು ಶುರು ಮಾಡಿ.

ಹರ್ಲಿ ಕೊಳ್ಳುವಾಗ ಉದ್ದ ನೋಡಿ. ಮಗು ನೆಟ್ಟಗೆ ನಿಂತು ಹರ್ಲಿಯನ್ನು ಪಕ್ಕದಲ್ಲಿ ನೆಲಕ್ಕೆ ಊರಿದಾಗ ಹಿಡಿಯ ತುದಿ ಮಣಿಕಟ್ಟಿನ ಹತ್ತಿರ ಬಂದರೆ ಸಾಕು. "ಮುಂದಿನ ವರ್ಷಕ್ಕೂ ಆಗಲಿ" ಅಂತ ಉದ್ದದ್ದು ತಂದರೆ ಮಗು ಕೈಯನ್ನು ಮಧ್ಯಕ್ಕೆ ಇಳಿಸುತ್ತದೆ, ಹಿಡಿತ ಮತ್ತೆ ಹಾಳು.

ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಆ ಹರ್ಲಿ ಆಶ್ ಮರದ್ದು, ಅದೂ ಬುಡದ ಭಾಗದ್ದು. ಕಾಂಡ ಬೇರಿನ ಕಡೆಗೆ ಬಾಗುವಲ್ಲಿ ಮರದ ಎಳೆಯೂ ಬಾಗುತ್ತದೆ. ಆ ಬಾಗಿದ ಎಳೆಯೇ ಹರ್ಲಿಯ ಅಗಲ ತುದಿಯಾದ ಬಾಸ್‌ಗೆ ಬಲ. ನೇರ ಎಳೆಯ ಹಲಗೆಯಿಂದ ಕೊಯ್ದರೆ ಬಾಸ್ ಬೇಗ ಸೀಳುತ್ತದೆ. 2012ರಲ್ಲಿ ಐರ್ಲೆಂಡಿನಲ್ಲಿ ಆಶ್ ಡೈಬ್ಯಾಕ್ ಅನ್ನುವ ಶಿಲೀಂಧ್ರ ರೋಗ ಕಾಣಿಸಿತು. ಈಗ ಹೊಲದ ಬೇಲಿಗಳಲ್ಲಿ ಒಣಗಿದ ತುದಿಯ ಆಶ್ ಮರಗಳು ಎಲ್ಲೆಲ್ಲೂ ಕಾಣುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಬಿದಿರಿನ ಹರ್ಲಿ, ಪ್ಲಾಸ್ಟಿಕ್ ಥರದ ಹರ್ಲಿ ಬಂದಿವೆ, ಮಕ್ಕಳಿಗೆ ಚೆನ್ನಾಗಿಯೇ ಇವೆ. ಆದರೆ ಮನೆಯಲ್ಲಿ ಆಶ್ ಹರ್ಲಿ ಇದ್ದು ಬಾಸ್ ಸ್ವಲ್ಪ ಸೀಳಿದ್ದರೆ ಕಸಕ್ಕೆ ಹಾಕಬೇಡಿ. ಕ್ಲಬ್‌ಗೆ ತನ್ನಿ. ತಗಡಿನ ಪಟ್ಟಿ ಬಿಗಿದು ಕೊಡುವವರು ಅಲ್ಲಿ ಒಬ್ಬರಾದರೂ ಇರುತ್ತಾರೆ.